ಹಸಿರು ಗಾಜಿನ ಚೂರು

ಶಿರಾಲಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ವಿಧವೆ ಸೊಸೆಯಿದ್ದಳು. ಮಾತಾಡುವಾಗಲೂ ಅವಳ ಕಣ್ಣು ಬಾಗಿಲ ಮೇಲೆಯೇ. ಸೆರಗಿನ ತುದಿಯನ್ನು ಮಣಿಕಟ್ಟಿಗೆ ಸುತ್ತುತ್ತಾ, "ತಂಗೀ, ಅತ್ತೆ ಎಂತಾರೂ ಅಂದ್ರನೇ?" ಎಂದು ನನ್ನನ್ನು ಕೇಳುತ್ತಿದ್ದಳು.

ಈ ಅಭ್ಯಾಸ ಶುರುವಾದದ್ದು ಬಳೆಗಾರ ಬಂದ ಒಂದು ದಿನ. ಹೊನ್ನಾವರದಲ್ಲಿ ದೋಣಿ ಹತ್ತಿ ಹೊಳೆ ದಾಟಿ ಬರುತ್ತಿದ್ದವನು. ಅವನಿಗೂ ಅವಳಿಗೂ ಮನಸ್ಸು ಕೂಡಿದ್ದು ನನಗೊಬ್ಬಳಿಗೆ ಗೊತ್ತಿತ್ತು. ಮನೆಯವರಿಗೆ ಗೊತ್ತಾದರೆ ಅವಳನ್ನು ಹೊರಗೆ ಹಾಕಿ, ಅವಳ ಪುಟ್ಟ ಮಗಳನ್ನು ತಾವೇ ಇಟ್ಟುಕೊಳ್ಳುತ್ತಿದ್ದರು. ಆ ದಿನ ಅವಳ ಅತ್ತೆ ಗದ್ದೆಗೆ ಹೋಗಿದ್ದಳು. ನನಗೆ ಕೆಂಪು ಬಳೆ ತೊಡಿಸಿದವನು ಅವಳ ಕೈ ಹಿಡಿದು, ಬೆರಳು ಮಡಚಿ, ಒಂದು ಹಸಿರು ಬಳೆ ಏರಿಸಿಬಿಟ್ಟ. ಅವಳು ನಕ್ಕಳು. ಅವಳ ನಗು ನಾನು ಕಂಡದ್ದು ಅದೊಂದೇ ಸಲ.

ಅವನು ಹೋದ ಮೇಲೆ ನೋಡಿದರೆ ಬಳೆ ಕಳಚುವುದೇ ಇಲ್ಲ. ಸೋಪು ಹಚ್ಚಿದೆವು, ಎಣ್ಣೆ ಹಚ್ಚಿದೆವು. ಅಷ್ಟರಲ್ಲಿ ಅಂಗಳದಲ್ಲಿ ಅತ್ತೆಯ ಕೆಮ್ಮು ಕೇಳಿತು. ಸೊಸೆ ಬಳೆಯ ಕೈಯನ್ನು ಒರಳಿಗೆ ಬಡಿದಳು.

"ಎಂತದೇ ಒಡ್ದದ್ದು?" ಎನ್ನುತ್ತಾ ಮುದುಕಿ ಒಳಗೆ ಬಂದಳು.

"ನನ್ನ ಬಳೆ, ದೊಡ್ಡಮ್ಮ," ಅಂದೆ.

"ತೊಟ್ಟ ದಿನವೇ ಒಡ್ಕಂಡ್ಯ? ನಿಂದು ಕೈಯೋ ಒನಕೆಯೋ?"

ಬೈಯುತ್ತಲೇ ಬಗ್ಗಿ ಒಂದು ಚೂರು ಹೆಕ್ಕಿದಳು. ನನ್ನ ಎರಡೂ ಕೈ ನೋಡಿದಳು. ಬಳೆಯೆಲ್ಲ ಕೆಂಪು, ಒಂದೂ ಒಡೆದಿರಲಿಲ್ಲ. ಸೊಸೆಯ ಸೆರಗಿಗೆ ರಕ್ತ ಹತ್ತಿತ್ತು. ಮುದುಕಿ ಹಸಿರು ಚೂರನ್ನು ತನ್ನ ಸೆರಗಿನಲ್ಲಿ ಗಂಟು ಹಾಕಿಕೊಂಡು ಹೋದಳು.

ಆ ಬಗ್ಗೆ ಯಾರ ಹತ್ತಿರವೂ ಮಾತೆತ್ತಲಿಲ್ಲ. ದಿನಾ ಸೀರೆ ಬದಲಿಸುತ್ತಿದ್ದಳು. ಉಟ್ಟ ಸೀರೆಗೆಲ್ಲ ಆ ಗಂಟು ಬರುತ್ತಿತ್ತು.