ಸರ್ಕಂಡ್ರೆ ಜಾಗ ಐತೆ

ಹಿರಿಯೂರಿನಿಂದ ತುಂಬಿದ ಬಸ್ಸಿನಲ್ಲಿ ಬರುತ್ತಿದ್ದ ನಮ್ಮ ಇಂಗ್ಲಿಷ್ ಮೇಷ್ಟ್ರಿಗೆ ವ್ಯಾಕರಣವೂ ಬಸ್ಸಿನಂತೆಯೇ ಕಾಣುತ್ತಿತ್ತು. "ಇಬ್ಬರ ಸೀಟಲ್ಲಿ ಮೂರನೆಯವ್ರು ಕುಂತ್ಕಳಲ್ವಾ? ಸರ್ಕಂಡ್ರೆ ಜಾಗ ಐತೆ!" ಎನ್ನುತ್ತ, ಜೋಡಿಸಿದ ಅಂಗೈಗಳನ್ನು ಅಗಲಿಸಿ ತೋರಿಸುತ್ತಿದ್ದರು.

ಒಮ್ಮೆ ತಪಾಸಣೆಗೆ ಬಂದ ಅಧಿಕಾರಿ, ನಾನು ಬರೆದಿದ್ದ 'ಟು ಕ್ವಿಕ್ಲಿ ರನ್' ಮೇಲೆ ಕೆಂಪು ಗೆರೆ ಎಳೆದರು. "ಟುಗೂ ಕ್ರಿಯಾಪದಕ್ಕೂ ನಡುವೆ ಏನೂ ಬರಬಾರದು. ಯಾರು ಹೇಳಿಕೊಟ್ಟಿದ್ದು?"

"ನಾನೇ ಸಾರ್!" ಎಂದ ಮೇಷ್ಟ್ರ ಮುಖ ಅರಳಿತ್ತು. ನನಗೂ ಪಕ್ಕದ ಗೆಳೆಯನಿಗೂ, "ಸರ್ಕಳ್ರಲೇ!" ಎಂದು ಹೇಳಿ, "ಸಾರ್, ನಡುವೆ ಕುಂತ್ಕಳ್ರಿ" ಎಂದರು. ಅಧಿಕಾರಿ ಅನುಮಾನಿಸುತ್ತಲೇ ಕುಳಿತರು.

"ಬೆಂಚು ಮುರೀತಾ ಸಾರ್?"

ಅಧಿಕಾರಿ ಜೋರಾಗಿ ನಕ್ಕುಬಿಟ್ಟರು. ಗಂಟೆ ಹೊಡೆಯುವವರೆಗೂ ನಮ್ಮಿಬ್ಬರ ನಡುವಿನಿಂದ ಏಳಲೇ ಇಲ್ಲ.