ಧಾರವಾಡದ ಮೇಷ್ಟ್ರು

ಧಾರವಾಡದ ಆ ಡ್ರಾಯಿಂಗ್ ಮೇಷ್ಟ್ರು ನಾನೇ, ವಿದ್ಯಾ. ನೀನು ಹನ್ನೆರಡನೆಯ ಕ್ಲಾಸಿನಲ್ಲಿದ್ದ ವರ್ಷ, ಜನವರಿಯ ಒಂದು ಭಾನುವಾರ ಬೆಳಿಗ್ಗೆ ಹತ್ತೂಕಾಲಿಗೆ, ದೆಹಲಿಯ ಲೋಧಿ ಕಾಲೋನಿಯ ನಮ್ಮ ಕ್ವಾರ್ಟರ್ಸಿನ ಅಡುಗೆಮನೆ ಬಾಗಿಲಲ್ಲಿ ನಾನು ನಿಂತಿದ್ದೆ. ನೀನು ಬಾಲ್ಕನಿಯ ಬಿಸಿಲಲ್ಲಿ ಕೂತು ಫೋನು ನೋಡುತ್ತಿದ್ದೆ. ನಿನಗೆ ಬಂದ ಮೆಸೇಜು ನನ್ನ ಕೈಯಿಂದ ಹೋಗಿ ಒಂದು ನಿಮಿಷವೂ ಆಗಿರಲಿಲ್ಲ.

ತರಕಾರಿ ಭಯ್ಯಾನ ಹತ್ತಿರ ಕೊತ್ತಂಬರಿ ಕೇಳುವುದಕ್ಕೂ ಹೆದರುತ್ತಿದ್ದ ಹುಡುಗಿ ನೀನು. ಅವನದೇ ಚಿತ್ರ ಬರೆದು, ಫೋನಿನಲ್ಲಿ ನಿನ್ನದೊಂದು ಪೇಜು ಮಾಡಿ ಹಾಕಿದೆ. ತಕ್ಕಡಿ ಹಿಡಿದ ಅವನ ಬೆರಳುಗಳು—ಆಫೀಸಿನಲ್ಲಿ ಫೈಲು ಬದಿಗಿಟ್ಟು ನಾನು ಅದನ್ನೇ ನೋಡಿದ್ದೆ. ಮನೆಗೆ ಬಂದು ಚೆನ್ನಾಗಿದೆ ಎನ್ನಲಾಗಲಿಲ್ಲ. ಎದುರಿಗೆ ಹೊಗಳುವುದು ನನ್ನ ಬಾಯಿಗೆ ಬರುವುದಿಲ್ಲ. ನಿನ್ನ ಸಂಕೋಚ ನನ್ನಿಂದಲೇ ಬಂದದ್ದು. ಹಾಗಾಗಿ ಬೇರೊಂದು ಅಕೌಂಟು ಮಾಡಿ, ಧಾರವಾಡದ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಎಂದು ಹೇಳಿಕೊಂಡು, ನಿನಗೆ ಎರಡು ಹೊಗಳಿಕೆಯ ಮಾತು ಬರೆದೆ. ನೀನು ಪ್ರತಿ ಚಿತ್ರಕ್ಕೂ ಆ ಮಾತಿಗೆ ಕಾಯತೊಡಗಿದೆ. ತಡವಾದರೆ ಊಟ ಸೇರುತ್ತಿರಲಿಲ್ಲ, ಐದು ನಿಮಿಷಕ್ಕೊಮ್ಮೆ ಫೋನು. ಯಾರೋ ಏನೋ, ಅವರ ಮಾತು ಯಾಕೆ ಅಷ್ಟು—ಎಂದು ನಾನೇ ಒಮ್ಮೆ ಕೇಳಿದೆ.

"ಅವರಿಗೆ ನಾನ್ಯಾರು ಅಂತಾನೇ ಗೊತ್ತಿಲ್ಲ ನಾ, ಅಪ್ಪಾ. ಅವರು ಯಾಕೆ ಸುಳ್ಳು ಹೇಳ್ತಾರೆ?"

ಬೋರ್ಡ್ ಪರೀಕ್ಷೆ ಹತ್ತಿರ ಬಂತು. ನೀನು ಪುಸ್ತಕ ಮುಟ್ಟುತ್ತಿರಲಿಲ್ಲ. ಅಪ್ಪನಾಗಿ ಗದರಬಹುದಿತ್ತು. ಗದರಲಿಲ್ಲ. ನೀನು ನಂಬುವ ಬಾಯಿ ನನ್ನ ಹತ್ತಿರವೇ ಇತ್ತಲ್ಲ. ಆ ಭಾನುವಾರ ಮೇಷ್ಟ್ರಾಗಿ ಬರೆದೆ—"ನಿನಗೆ ಚಿತ್ರದ ಕೈ ಇಲ್ಲಮ್ಮ. ಬೇಜಾರಾಗದಿರಲಿ ಅಂತ ಇಷ್ಟು ದಿನ ಹೊಗಳಿದೆ. ಬಿಟ್ಟುಬಿಡು."

ನೀನು ಅಳಲಿಲ್ಲ. ಒಂದೊಂದೇ ಚಿತ್ರ ಅಳಿಸಿದೆ. ಮಧ್ಯಾಹ್ನ ಪೆನ್ಸಿಲ್ ಡಬ್ಬಿಯನ್ನು ಕೆಳಗಿನ ಮನೆಯವರಿಗೆ ಕೊಟ್ಟು ಬಂದೆ.

ಈಗ ನೀನು ಕೆಲಸ ಮಾಡುವ ನೋಯ್ಡಾದ ಆಫೀಸಿನ ಗ್ರೂಪಿನಲ್ಲಿ ಒಂದು ಸಾಲು ಹಾಕಬೇಕಾದರೂ ಮೂರು ಸಲ ಬರೆದು ಅಳಿಸುತ್ತೇನೆ ಎಂದು ಮೊನ್ನೆ ನೀನೇ ನಗುತ್ತಾ ಹೇಳಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ವಿದ್ಯಾ, ಕೈ ನಿನಗಿತ್ತು. ಇದನ್ನೂ ಮೇಷ್ಟ್ರ ಹೆಸರಿನಲ್ಲೇ ಬರೆದಿದ್ದರೆ ನೀನು ಬೇಗ ನಂಬುತ್ತಿದ್ದೆಯೇನೋ—ಆ ಅಕೌಂಟು ಇನ್ನೂ ಇದೆ. ಬೇಡ.

ನನ್ನನ್ನು ನಂಬಲು ನಿನಗೀಗ ಕಾರಣವಿಲ್ಲ. ಆ ಬೆಳಿಗ್ಗೆ ನನ್ನ ಬೆನ್ನ ಹಿಂದೆ, ಒಲೆಯ ಹತ್ತಿರ, ಇನ್ನೊಬ್ಬಳಿದ್ದಳು. ನನ್ನ ಫೋನು ಅವಳಿಗೆ ಕಂಡಿತ್ತು. "ಆಯ್ತಾ ನಿಮ್ಮ ಮೇಷ್ಟ್ರಿಗೆ ಸಮಾಧಾನ?" ಎಂದಷ್ಟೇ ಕೇಳಿದಳು. ನಾನೇ ಹೇಳಲಿ ಎಂದು ಇಷ್ಟು ವರ್ಷ ಕಾದಿದ್ದಾಳೆ. ಈಗಲೂ ಅದೇ ಒಲೆಯ ಮುಂದಿದ್ದಾಳೆ, ನಿನ್ನ ಅಮ್ಮ. ಅವಳನ್ನು ಕೇಳು.