ಸ್ಕ್ಯಾನ್ ಕೋಣೆಯ ಅಕ್ಕ

ಅವರ ಎರಡೂ ಕಿವಿಯ ತೂತಿನಲ್ಲಿ ಹಿಡಿಸೂಡಿಯ, ಅಂದರೆ ತೆಂಗಿನಗರಿ ಪೊರಕೆಯ, ಕಡ್ಡಿಯ ತುಂಡು. ಆಸ್ಪತ್ರೆಯಲ್ಲಿ ಕೆಲಸಕ್ಕಿರುವ ಹೆಂಗಸಿಗೆ ಒಂದು ಜೊತೆ ಓಲೆಗೂ ಗತಿಯಿಲ್ಲವೇ ಎಂದುಕೊಂಡೆ. ಕೇಳಿಯೂ ಬಿಟ್ಟೆ.

"ಕೋಣೆಯೊಳಗೆ ದೊಡ್ಡ ಅಯಸ್ಕಾಂತ ಉಂಟು ಅಜ್ಜಿ, ಲೋಹ ಹಾಕ್ಲಿಕ್ಕಿಲ್ಲ. ತೂತು ಮುಚ್ಚಬಾರದಲ್ಲ, ಅದಕ್ಕೆ ಕಡ್ಡಿ" ಎಂದು ನಕ್ಕರು.

ಮಕ್ಕಳ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡುವವರು ಅವರು. ಮಕ್ಕಳೆಲ್ಲ ಅಕ್ಕ ಎನ್ನುತ್ತಿದ್ದರು. ನನ್ನ ಮಗಳ ವಯಸ್ಸಿನವರಾದರೂ ನಾನೂ ಹಾಗೆಯೇ ಕರೆದೆ.

ನನ್ನ ಐದು ವರ್ಷದ ಮೊಮ್ಮಗಳು ಒಂದು ತಿಂಗಳಿನಿಂದ ಬೆಳಿಗ್ಗೆ ಎದ್ದ ಕೂಡಲೇ ತಲೆ ಹಿಡಿದುಕೊಂಡು ವಾಂತಿ ಮಾಡುತ್ತಿದ್ದಳು. ನಡೆಯುವಾಗ ವಾಲುತ್ತಿದ್ದಳು. ನಮ್ಮೂರು ಸಿದ್ಧಕಟ್ಟೆಯ ಡಾಕ್ಟರು ತಲೆಯ ಸ್ಕ್ಯಾನ್ ಬೇಗ ಆಗಬೇಕು ಎಂದಿದ್ದರು. ಎದೆಯಲ್ಲಿ ಕಫ ಇದ್ದುದರಿಂದ ಮದ್ದು ಕೊಟ್ಟು ನಿದ್ದೆ ಮಾಡಿಸುವ ಹಾಗಿರಲಿಲ್ಲ. ಎಚ್ಚರದಲ್ಲೇ ಅಲುಗಾಡದೆ ಮಲಗಬೇಕು. ಯಂತ್ರ ಸದ್ದು ಮಾಡಿದ್ದೇ ತಡ, ಕಿರುಚಿ ಎದ್ದು ಕೂತಳು.

ಅಕ್ಕ ಬೈಯಲಿಲ್ಲ. ಹೊರಗೆ ಬೆಂಚಿನಲ್ಲಿ ಕೂರಿಸಿ ಆ ಸದ್ದುಗಳನ್ನೆಲ್ಲ ಬಾಯಲ್ಲೇ ಮಾಡಿ ತೋರಿಸಿದರು.

"ಟಕ್ ಟಕ್ ಟಕ್, ಇದು ಮರಕುಟಿಗ. ಡ್ರ್‌ರ್‌ರ್, ಇದು?"

"ಬೋರ್‌ವೆಲ್ ಲಾರಿ!"

"ಹಾಂ. ಲಾರಿ ಅದರಷ್ಟಕ್ಕೆ ಕೊರೀಲಿ, ನೀನು ನಿನ್ನಷ್ಟಕ್ಕೆ ಮಲಗು."

ಯಾರಾದರೂ ಕಾಲು ಹಿಡಿದುಕೊಂಡರೆ ಮಲಗುತ್ತೇನೆ ಎಂದಳು ಮೊಮ್ಮಗಳು. ಅವಳ ತಾಯಿ, ನನ್ನ ಮಗಳು, ಬಸುರಿ; ಒಳಗೆ ಬಿಡುವುದಿಲ್ಲ. ಅಪ್ಪ ದುಬಾಯಿಯಲ್ಲಿ. ಉಳಿದವಳು ನಾನು.

"ಅಜ್ಜಿ, ಮೈಯೊಳಗೆ ರಾಡು, ಸ್ಕ್ರೂ ಏನಾದ್ರೂ ಉಂಟಾ?"

"ಇಲ್ಲ ಮಾರಾಯ್ತಿ."

"ಆ ಬಾಗಿಲಿನವರೆಗೆ ಒಮ್ಮೆ ನಡೀರಿ, ನೋಡುವ."

ನಡೆದೆ. ಒಂದು ಕಾಲು ಸ್ವಲ್ಪ ಎಳೆಯಿತು.

"ತೊಡೆಯ ಆಪರೇಷನ್ ಆದದ್ದು ಯಾವಾಗ?"

ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ರಾಡು ಹಾಕಿಸಿಕೊಂಡದ್ದನ್ನು ಹೇಳಲೇಬೇಕಾಯಿತು. ಯಾವ ಲೋಹ ಎಂದು ಬರೆದ ಕಾಗದ ಕೇಳಿದರು. ಅದನ್ನು ಗೆದ್ದಲು ತಿಂದು ಎಷ್ಟೋ ಕಾಲವಾಗಿತ್ತು.

"ಹಾಗಾದ್ರೆ ಬಿಡುದಿಲ್ಲ."

"ನನ್ನ ಕಾಲು ಏನು ಬೇಕಾದ್ರೂ ಆಗಲಿ. ನೀವು ಮಗುವಿನ ತಲೆ ನೋಡಿ."

"ಒಳಗೆ ನಿಮಗೆ ಏನಾದ್ರೂ ಆದ್ರೆ ಸ್ಕ್ಯಾನ್ ನಿಲ್ಲಿಸ್ಬೇಕಾಗ್ತದೆ. ಆಮೇಲೆ ಯಾರ ತಲೆ ನೋಡುದು?"

ಯಂತ್ರವನ್ನು ಜೊತೆಯ ಕೆಲಸದವರಿಗೆ ಒಪ್ಪಿಸಿ, ಮಗುವಿನ ಕಾಲು ಹಿಡಿಯಲು ಅಕ್ಕನೇ ಒಳಗೆ ಹೋದರು. ನಾನು ಹೇಳಿದ ಸುಳ್ಳನ್ನು ಮಗಳ ಮುಂದೆ ಎತ್ತಲಿಲ್ಲ.

ಬಾಗಿಲು ಮುಚ್ಚಿತು. ಸದ್ದು ನಿಂತಾಗಲೆಲ್ಲ ಮಗು ಎದ್ದು ಕೂತಿತೆಂದೇ ನಾನು ಬಾಗಿಲ ಹತ್ತಿರ ಹೋಗುತ್ತಿದ್ದೆ. ಮತ್ತೆ ಸದ್ದು ಶುರುವಾದರೆ ಅದೂ ಹೆದರಿಕೆಯೇ.

"ಪಟ ಚೆಂದ ಬಂದಿದೆ" ಎಂದರು ಹೊರಗೆ ಬಂದು.

"ಅದರಲ್ಲಿ ಏನುಂಟು?"

"ಅದನ್ನು ಡಾಕ್ಟರೇ ಹೇಳ್ಬೇಕು ಅಜ್ಜಿ."

ಮುಖದಲ್ಲೂ ಏನನ್ನೂ ಬಿಟ್ಟುಕೊಡಲಿಲ್ಲ. ನನಗೆ ಸಿಟ್ಟೇ ಬಂತು. ಮರುದಿನ ಡಾಕ್ಟರು ಗಡ್ಡೆ ಇದೆ ಎಂದರು, ತೆಗೆಯಬಹುದು ಎಂದೂ ಹೇಳಿದರು. ತೆಗೆದರು. ಮೊಮ್ಮಗಳು ಈಗ ಶಾಲೆಗೆ ಹೋಗುತ್ತಾಳೆ, ಜಗಳವನ್ನೂ ಆಡುತ್ತಾಳೆ.

ಮುಂದಿನ ಸಲ ಸ್ಕ್ಯಾನಿಗೆ ಹೋದಾಗ ಅಕ್ಕ ಇರಲಿಲ್ಲ. ಕಾಯಿಲೆಯಾಗಿ ತೀರಿಕೊಂಡರಂತೆ. ಸುಳ್ಳು ಹೇಳಿದ್ದು ತಪ್ಪಾಯಿತು ಎಂದು ಅವರಿಗೆ ನಾನು ಹೇಳಲೇ ಇಲ್ಲ. ನಾನು ಯಾರ ಕಾಲನ್ನೂ ಹಿಡಿದವಳಲ್ಲ. ಅವರು ಮಾತ್ರ ಆ ಸದ್ದಿನೊಳಗೆ ಅರ್ಧ ಗಂಟೆ ಬಗ್ಗಿ ನಿಂತು, ಸಿದ್ಧಕಟ್ಟೆಯ ಯಾರದೋ ಮಗುವಿನ ಕಾಲು ಹಿಡಿದುಕೊಂಡಿದ್ದರು.